ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಈಚೆಗೆ ದೇವಯ್ಯನವರ ಬಗ್ಗೆ ತುಂಬಾ ಜನ ಕೇಳ್ತಿದ್ದಾರೆ. ಕೇಳುವವರಲ್ಲಿ ಶಾಲೆ ಮಕ್ಕಳಿದ್ದಾರೆ, ಮಡಿಕೇರಿಗೆ ಪ್ರವಾಸ ಬಂದು ಅವರ ಪ್ರತಿಮೆ ನೋಡಿದವರಿದ್ದಾರೆ, ಸಿನಿಮಾ ನೋಡಿ ಬಂದವರೂ ಇದ್ದಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಇವೆ. ಈ ಕಥೆಯನ್ನು ಆತುರದಲ್ಲಿ ಹೇಳೋಕೆ ನನಗೆ ಮನಸ್ಸಿಲ್ಲ.

ದೇವಯ್ಯ ಯಾರು? ಚುಟುಕಾಗಿ ಹೇಳಿ.

ಕೊಡಗಿನವರು. ಭಾರತೀಯ ವಾಯುಪಡೆಯ ಫೈಟರ್ ಪೈಲಟ್. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದಾಗ, ತಮ್ಮ ವಿಮಾನಕ್ಕಿಂತ ಎರಡು ಪಟ್ಟು ವೇಗದ, ಸ್ಟಾರ್‌ಫೈಟರ್ ಎಂಬ ಪಾಕಿಸ್ತಾನಿ ಯುದ್ಧವಿಮಾನವನ್ನು ಎದುರಿಸಿ ಉರುಳಿಸಿದರು. ಅವರು ವಾಪಸ್ ಬರಲಿಲ್ಲ. ಏನಾಯ್ತು ಅಂತ ನಮ್ಮ ಕಡೆಯವರಿಗೆ ವರ್ಷಗಟ್ಟಲೆ ಗೊತ್ತಾಗಲೇ ಇಲ್ಲ. 23 ವರ್ಷ ಕಳೆದ ಮೇಲೆ, 1988ರಲ್ಲಿ, ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು.

ಅಜ್ಜಮಾಡ ಅಂದ್ರೆ ಊರಿನ ಹೆಸರಾ?

ಅಲ್ಲ. ಅದು ಒಕ್ಕದ ಹೆಸರು. ಕೊಡವರಲ್ಲಿ ಮೊದಲು ಒಕ್ಕದ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಬರುತ್ತದೆ. ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಹೆಸರುಗಳೂ ಇದೇ ಕ್ರಮದಲ್ಲೇ ಇವೆ. ಒಕ್ಕ ಅಂದ್ರೆ ಒಂದೇ ಮೂಲಪುರುಷನಿಂದ ಬಂದ ಇಡೀ ಕುಟುಂಬ, ಅವರಿಗೆಲ್ಲ ಸೇರಿ ಒಂದು ಐನ್‌ಮನೆ, ಅಂದ್ರೆ ಪೂರ್ವಿಕರ ಮನೆ. ಹಾಗಾಗಿ ದೇವಯ್ಯನವರ ಹೆಸರು ಹೇಳುವಾಗ ಅಜ್ಜಮಾಡ ಸೇರಿಸಿಯೇ ಹೇಳಿ. ಇಂಗ್ಲಿಷ್ ಬರಹಗಳಲ್ಲಿ ಎ.ಬಿ. ದೇವಯ್ಯ ಅಂತ ಮೊಟಕು ಮಾಡಿರುತ್ತಾರೆ. ಅದರಿಂದ ಅವರ ಮನೆತನವೇ ಕಾಣೆಯಾಗುತ್ತದೆ.

ವಾಯುಪಡೆಯ ಗೆಳೆಯರು ಅವರನ್ನು 'ಟಬ್ಬಿ' ಅಂತ ಕರೀತಿದ್ದರು. ದುಂಡಗಿರುವವನು ಎಂದರ್ಥ. ಪೈಲಟ್‌ಗಳು ಹೀಗೆ ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟುಕೊಳ್ಳೋದು ಪ್ರೀತಿಯಿಂದ.

ಯಾವಾಗ ಹುಟ್ಟಿದರು, ಯಾವಾಗ ವಾಯುಪಡೆ ಸೇರಿದರು?

ಹುಟ್ಟಿದ್ದು 1932ರ ಡಿಸೆಂಬರ್ 24. ವಾಯುಪಡೆಯಲ್ಲಿ ಪೈಲಟ್ ಅಧಿಕಾರಿಯಾಗಿದ್ದು 1954ರಲ್ಲಿ. ಯುದ್ಧ ಬರುವ ಹೊತ್ತಿಗೆ ಹನ್ನೊಂದು ವರ್ಷದ ಅನುಭವ ಇತ್ತು, ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಭೂಸೇನೆಯ ಮೇಜರ್‌ಗೆ ಸಮನಾದ ದರ್ಜೆ ಅದು. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಮೇಷ್ಟ್ರ ಕೆಲಸದಲ್ಲಿದ್ದವರನ್ನು ಯುದ್ಧದ ಸಮಯಕ್ಕೆ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಈ ಮೇಷ್ಟ್ರು ಅನ್ನೋ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಕಾಳಗದ ಕಥೆ ಬಂದಾಗ ಬೇಕಾಗುತ್ತದೆ.

ತೀರಿಕೊಂಡಾಗ ಅವರಿಗೆ 32 ವರ್ಷ. ಹೆಂಡತಿ ಇದ್ದರು, ಚಿಕ್ಕ ಮಕ್ಕಳಿದ್ದರು.

ಕೊಡಗಿನಿಂದ ಇಷ್ಟೊಂದು ಜನ ಸೇನೆಗೆ ಹೋಗೋದು ಯಾಕೆ?

ಇದಕ್ಕೆ ಒಂದೇ ಕಾರಣ ಹೇಳೋಕಾಗಲ್ಲ. ಕೊಡವರ ಮನೆಯಲ್ಲಿ ಕೋವಿ ಅಂದ್ರೆ ದೇವರ ಹಾಗೆ. ಪ್ರತಿ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಗದ್ದೆ ನಾಟಿ ಕೆಲಸ ಮುಗಿಸಿ, ಆಯುಧಗಳನ್ನು ತೊಳೆದು, ತೋಕ್‌ಪೂ ಎಂಬ ಹೂವಿಟ್ಟು ಪೂಜೆ ಮಾಡುತ್ತಾರೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಇರುವವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರೋದೂ ಇದೇ ಹಿನ್ನೆಲೆಯಿಂದ.

ಜತೆಗೆ ಕಣ್ಣ ಮುಂದೆ ದೊಡ್ಡ ಉದಾಹರಣೆಗಳಿದ್ದವು. 1949ರ ಜನವರಿ 15ರಂದು ಭಾರತದ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಕಾರ್ಯಪ್ಪನವರು. ಆಗ ದೇವಯ್ಯ ಹದಿನಾರು ವರ್ಷದ ಹುಡುಗ. ಅವರ ತಲೆಯೊಳಗೆ ಏನಿತ್ತು ಅಂತ ನಾನು ಹೇಳೋಕಾಗಲ್ಲ, ಆದರೆ ಆ ವರ್ಷ ಕೊಡಗಿನಲ್ಲಿ ಹುಡುಗನಾಗಿರೋದು ಅಂದ್ರೆ ಎಂಥದ್ದು ಅಂತ ಊಹಿಸಬಹುದು ಅಲ್ವಾ?

1965ರ ಯುದ್ಧ ಹೇಗೆ ಶುರುವಾಯ್ತು?

ಚಿಕ್ಕದಾಗಿ ಹೇಳ್ತೀನಿ. ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರದೊಳಗೆ ವೇಷ ಮರೆಸಿದ ಜನರನ್ನು ನುಗ್ಗಿಸಿತು. ಸೆಪ್ಟೆಂಬರ್ 1ರಂದು ಜಮ್ಮು ಭಾಗದ ಛಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕ್‌ಗಳು ಬಂದವು. ಅವತ್ತೇ ಸಂಜೆ ನಮ್ಮ ವಾಯುಪಡೆ ಕಣಕ್ಕಿಳಿಯಿತು. ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರ್ ಕಡೆಗೆ ಅಂತಾರಾಷ್ಟ್ರೀಯ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಬಿದ್ದು, ನೆಲದಲ್ಲಿ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರ ಈ ಮೂರು ನೆಲೆಗಳ ಸುತ್ತ ಪಾಕಿಸ್ತಾನದ ಕಮಾಂಡೋಗಳು ಪ್ಯಾರಾಶೂಟ್‌ನಲ್ಲಿ ಇಳಿದರು. ಹೆಚ್ಚಿನವರನ್ನು ಪಂಜಾಬಿನ ಹಳ್ಳಿಯವರೂ ಪೊಲೀಸರೂ ಸೇರಿ ಹಿಡಿದುಹಾಕಿದರು.

ದೇವಯ್ಯನವರ ಸ್ಕ್ವಾಡ್ರನ್ ಇದ್ದದ್ದು ಆದಂಪುರದಲ್ಲೇ, ಜಲಂಧರ್ ಹತ್ತಿರ. ಸುತ್ತಲ ಹೊಲದಲ್ಲಿ ಶತ್ರು ಕಮಾಂಡೋಗಳು ಅಡಗಿದ್ದಾರೆ ಎಂಬ ಸುದ್ದಿ, ಕತ್ತಲು, ದೀಪ ಹಚ್ಚುವ ಹಾಗಿಲ್ಲ, ಬೆಳಗಾದರೆ ದಾಳಿಗೆ ಹೊರಡಬೇಕು. ಅವರ ಕೊನೆಯ ರಾತ್ರಿ ಕಳೆದದ್ದು ಹಾಗೆ.

ಸರ್ಗೋಧಾಕ್ಕೇ ಯಾಕೆ ಹೋಗಬೇಕಿತ್ತು?

ಪಾಕಿಸ್ತಾನ ವಾಯುಪಡೆಯ ಜೀವ ಇದ್ದದ್ದು ಅಲ್ಲಿ. ಸೇಬರ್‌ಗಳೂ ಸ್ಟಾರ್‌ಫೈಟರ್‌ಗಳೂ ಅಲ್ಲೇ ಇದ್ದವು. ಪಠಾಣ್‌ಕೋಟ್‌ಗೆ ಉತ್ತರ ಕೊಡಬೇಕಿದ್ದರೆ ಸರ್ಗೋಧಾವನ್ನೇ ಮುಟ್ಟಬೇಕಿತ್ತು.

ಆದರೆ ದೂರ ನೋಡಿ. ಆದಂಪುರದಿಂದ ಸರ್ಗೋಧಾಕ್ಕೆ ನೇರವಾಗಿ ಅಳೆದರೂ ಸುಮಾರು 300 ಕಿಲೋಮೀಟರ್. ರಾಡಾರ್ ಕಣ್ಣಿಗೆ ಬೀಳದ ಹಾಗೆ ಮರದ ತುದಿ ಮಟ್ಟದಲ್ಲಿ ಹಾರಬೇಕು. ಹಾಗೆ ತಗ್ಗಿನಲ್ಲಿ ಹಾರಿದರೆ ಜೆಟ್ ವಿಮಾನ ಇಂಧನ ಕುಡಿಯೋದು ವಿಪರೀತ. ಅಂದ್ರೆ ಹೋಗೋಕೆ, ಒಂದು ಸಲ ದಾಳಿ ಮಾಡೋಕೆ, ಬರೋಕೆ ಸಾಕಾಗುವಷ್ಟೇ ಲೆಕ್ಕ. ದಾರಿಯಲ್ಲಿ ನಿಂತು ಕಾದಾಡೋಕೆ ಅಂತ ಹೆಚ್ಚಿಗೆ ಇಂಧನ ಇರೋದಿಲ್ಲ. ಇದು ಹೋಗುವ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆ ದಿನ ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ ಅಂತಾರೆ, ನಿಜಾನಾ?

ನಿಜ. ನನ್ನ ಮಟ್ಟಿಗೆ ಇಡೀ ಕಥೆಯ ಬೇರು ಇದೇ.

1ನೇ ಸ್ಕ್ವಾಡ್ರನ್‌ನ ಕಮಾಂಡಿಂಗ್ ಆಫೀಸರ್ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಅವರೇ ದಾಳಿಯ ಮುಂದಾಳು. ಹನ್ನೆರಡು ಮಿಸ್ಟೇರ್ ವಿಮಾನ ಹೋಗಬೇಕು ಅಂತ ಯೋಜನೆ. ದೇವಯ್ಯನವರನ್ನು ಸ್ಟ್ಯಾಂಡ್‌ಬೈ ಇಟ್ಟಿದ್ದರು. ಅಂದ್ರೆ ಎಂಜಿನ್ ಚಾಲೂ ಮಾಡಿ ತಯಾರಾಗಿರಬೇಕು, ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗಕ್ಕೆ ಹೋಗಬೇಕು. ಇಲ್ಲದಿದ್ದರೆ ಎಂಜಿನ್ ಆರಿಸಿ ಕೆಳಗಿಳಿದು ಚಹಾ ಕುಡಿಯಬಹುದು. ಯಾರೂ ಏನೂ ಅನ್ನುತ್ತಿರಲಿಲ್ಲ.

ಒಂದು ವಿಮಾನ ಹಿಂದೆ ಸರಿಯಿತು. ದೇವಯ್ಯ ಮೇಲೆದ್ದರು, ಕತ್ತಲಲ್ಲೇ ಹೋಗಿ ಗುಂಪಿಗೆ ಸೇರಿಕೊಂಡರು. ಅಷ್ಟು ತಗ್ಗಿನಲ್ಲಿ, ದೀಪ ಇಲ್ಲದೆ, ರೇಡಿಯೋದಲ್ಲಿ ಮಾತಾಡದೆ ಮುಂದೆ ಹೋದವರನ್ನು ಹುಡುಕಿ ಸೇರಿಕೊಳ್ಳೋದು ಸುಲಭದ ಕೆಲಸ ಅಂತ ಯಾವ ಪೈಲಟ್ಟೂ ಹೇಳೋದಿಲ್ಲ.

ಮಿಸ್ಟೇರ್ ಎಂಥ ವಿಮಾನ? ಸ್ಟಾರ್‌ಫೈಟರ್ ಎಂಥದ್ದು?

ಮಿಸ್ಟೇರ್ ಫ್ರಾನ್ಸಿನ ದಸೋ ಕಂಪನಿಯದ್ದು, ಈಗ ರಫೇಲ್ ಮಾಡುತ್ತಾರಲ್ಲ, ಅವರೇ. 1950ರ ದಶಕದ ಕೊನೆಯಲ್ಲಿ ನಮ್ಮ ವಾಯುಪಡೆಗೆ ಬಂತು. ಒಬ್ಬರೇ ಕೂರುವ ವಿಮಾನ. ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್, ಅಂದ್ರೆ ನೇರ ಹಾರಾಟದಲ್ಲಿ ಶಬ್ದದ ವೇಗ ಮುಟ್ಟೋದಿಲ್ಲ. 30 ಮಿಲಿಮೀಟರ್‌ನ ಎರಡು ಕ್ಯಾನನ್. ದಾಳಿಗೆ ಬೇಕಾದ ರಾಕೆಟ್, ಬಾಂಬ್. ಗಟ್ಟಿಮುಟ್ಟಾದ ವಿಮಾನ, ಆದರೆ 1965ಕ್ಕೆ ಆಗಲೇ ಹಳೇದಾಗಿತ್ತು. ನೆಲದ ಗುರಿಗಳನ್ನು ಹೊಡೆಯೋಕೆ ಅಂತ ಬಳಸುತ್ತಿದ್ದರೇ ಹೊರತು ಆಕಾಶದಲ್ಲಿ ಕಾದಾಡೋಕೆ ಅಂತ ಅಲ್ಲ.

ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್‌ನದ್ದು. ಶಬ್ದದ ಎರಡರಷ್ಟು ವೇಗ. ಶಾಖ ಹುಡುಕಿಕೊಂಡು ಹೋಗುವ ಸೈಡ್‌ವೈಂಡರ್ ಕ್ಷಿಪಣಿ, ಜತೆಗೆ ಆರು ನಳಿಗೆಯ 20 ಮಿಲಿಮೀಟರ್ ಗನ್. ಪಾಕಿಸ್ತಾನದ ಹತ್ತಿರ ಇದ್ದದ್ದು ಒಂದು ಡಜನ್ ಅಷ್ಟೇ, ಆದರೆ ಅದರ ಹೆಸರು ಕೇಳಿದರೇ ಭಯ ಬೀಳುವ ಕಾಲ ಅದು. ಮನುಷ್ಯ ಕೂತಿರುವ ಕ್ಷಿಪಣಿ ಅಂತಲೇ ಅದನ್ನು ಕರೆಯುತ್ತಿದ್ದರು.

ಕಾಳಗದಲ್ಲಿ ನಿಜವಾಗಿ ಏನಾಯ್ತು?

ಬೆಳಕು ಹರಿಯುವ ಹೊತ್ತಿಗೆ, ಸುಮಾರು ಆರು ಗಂಟೆಗೆ ಸ್ವಲ್ಪ ಮೊದಲು, ನಮ್ಮವರು ಸರ್ಗೋಧಾ ಮೇಲಿದ್ದರು. ಆ ನಸುಕಿನಲ್ಲಿ ಅಂದುಕೊಂಡಷ್ಟು ಹಾನಿ ಮಾಡೋಕೆ ಆಗಲಿಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕು. ದಾಳಿ ಮುಗಿಸಿದವರು ಮತ್ತೆ ನೆಲಕ್ಕೆ ಅಂಟಿಕೊಂಡು ಪೂರ್ವಕ್ಕೆ ತಿರುಗಿದರು, ಮನೆ ಕಡೆಗೆ.

ಆಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಗಸ್ತಿನಲ್ಲಿತ್ತು. ಅದರಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಬೆನ್ನು ಹತ್ತಿದರು. ಅವರಿಗೆ ಸಿಕ್ಕಿದ್ದು ಒಂಟಿಯಾಗಿದ್ದ ಒಂದು ಮಿಸ್ಟೇರ್. ಅದು ದೇವಯ್ಯನವರದ್ದು.

ಅಮ್ಜದ್ ಮೊದಲು ಕ್ಷಿಪಣಿ ಬಿಟ್ಟರು. ವಿಮಾನಗಳು ಅಷ್ಟು ತಗ್ಗಿನಲ್ಲಿ ಇದ್ದದ್ದರಿಂದ ಅದು ಸೀದಾ ನೆಲಕ್ಕೆ ಬಿತ್ತು. ಆಮೇಲೆ ಹತ್ತಿರ ಬಂದು ಗನ್ ಹಾರಿಸಿದರು. ಗುಂಡು ಮಿಸ್ಟೇರ್‌ಗೆ ತಗುಲಿತು. ಇದರ ಕಥೆ ಮುಗೀತು ಅಂತ ಅಮ್ಜದ್ ಅಂದುಕೊಂಡರು. ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ, ಬೇರೆ ಯಾವ ಪೈಲಟ್ ಆಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ತಿರುಗಿಸಿದರು. ಓಡೋಕೆ ಅಲ್ಲ, ಸ್ಟಾರ್‌ಫೈಟರ್ ಕಡೆಗೇ ತಿರುಗಿಸಿದರು. ಇಬ್ಬರೂ ನೆಲಕ್ಕೆ ಹತ್ತಿರದಲ್ಲಿ ಒಬ್ಬರ ಹಿಂದೆ ಒಬ್ಬರು ಸುತ್ತತೊಡಗಿದರು. ಆ ಸುತ್ತಾಟದಲ್ಲಿ ಸ್ಟಾರ್‌ಫೈಟರ್ ದೇವಯ್ಯನವರ ಗನ್ ಮುಂದೆ ಬಂತು. ಅವರು ಹೊಡೆದರು. 30 ಮಿಲಿಮೀಟರ್ ಗುಂಡು ತಗುಲಿದ ಸ್ಟಾರ್‌ಫೈಟರ್ ಹತೋಟಿ ತಪ್ಪಿತು, ಅಮ್ಜದ್ ಇಜೆಕ್ಟ್ ಆಗಿ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿಕೊಂಡರು.

ದೇವಯ್ಯ ಬದುಕಲಿಲ್ಲ. ಅವರ ವಿಮಾನಕ್ಕೂ ಆಗಲೇ ಆಗಬೇಕಾದ ಹಾನಿ ಆಗಿತ್ತು.

ಅಷ್ಟು ನಿಧಾನದ ವಿಮಾನ ಅಷ್ಟು ವೇಗದ ವಿಮಾನವನ್ನು ಹೊಡೆದದ್ದು ಹೇಗೆ ಸಾಧ್ಯ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಮಕ್ಕಳು ಅಂತೂ ಬಿಡೋದೇ ಇಲ್ಲ.

ರೆಕ್ಕೆ ನೋಡಿ. ಸ್ಟಾರ್‌ಫೈಟರ್‌ನ ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಕೂಡ ಇಲ್ಲ. ಮಿಸ್ಟೇರ್‌ನದ್ದು 11 ಮೀಟರ್‌ಗಿಂತ ಜಾಸ್ತಿ. ಚಿಕ್ಕ, ತೆಳು ರೆಕ್ಕೆ ನೇರವಾಗಿ ಬಾಣದ ಹಾಗೆ ಹೋಗೋಕೆ ಚೆನ್ನ, ಆದರೆ ತಿರುಗೋಕೆ ಆಗಲ್ಲ. ಹೆದ್ದಾರಿಯಲ್ಲಿ ಓಡುವ ಕಾರು ಮಡಿಕೇರಿ ಘಟ್ಟದ ತಿರುವಿನಲ್ಲಿ ಒದ್ದಾಡುತ್ತದೆ, ಅಲ್ಲಿ ಹಳೇ ಜೀಪೇ ವಾಸಿ. ಸ್ಟಾರ್‌ಫೈಟರ್ ಗೆಲ್ಲಬೇಕಾದರೆ ಒಂದೇ ದಾರಿ: ಜೋರಾಗಿ ಬಂದು, ಹೊಡೆದು, ಅದೇ ವೇಗದಲ್ಲಿ ದೂರ ಹೋಗಿಬಿಡಬೇಕು. ವೇಗ ಇಳಿಸಿ ಸುತ್ತಾಟಕ್ಕೆ ನಿಂತರೆ ಅದರ ಶಕ್ತಿಯೆಲ್ಲ ಅಲ್ಲಿಗೆ ಮುಗಿಯಿತು.

ಅಮ್ಜದ್ ಸುತ್ತಾಟಕ್ಕೆ ನಿಂತರು. ದೇವಯ್ಯ ಅದನ್ನು ಬಳಸಿಕೊಂಡರು. ಇಲ್ಲಿ ನನಗೆ ಅವರು ಮೇಷ್ಟ್ರಾಗಿದ್ದರು ಅನ್ನೋದು ನೆನಪಾಗುತ್ತದೆ. ತಿರುವಿನಲ್ಲಿ ವಿಮಾನವನ್ನು ಎಷ್ಟು ಬಿಗಿಯಬಹುದು, ಎಲ್ಲಿ ಬಿಗಿದರೆ ಕೈಬಿಡುತ್ತದೆ ಅಂತ ದಿನಾ ಹುಡುಗರಿಗೆ ಹೇಳಿಕೊಟ್ಟವರು. ಪೆಟ್ಟಾದ ವಿಮಾನವನ್ನು ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಹಾಗೆ ತಿರುಗಿಸೋಕೆ ಬರೀ ಧೈರ್ಯ ಸಾಕಾಗೋದಿಲ್ಲ, ಕೈಯಲ್ಲಿ ಕಸುಬು ಇರಬೇಕು.

ತಪ್ಪಿಸಿಕೊಂಡು ಬರಬಹುದಿತ್ತಲ್ವಾ?

ಎರಡು ಪಟ್ಟು ವೇಗದ ವಿಮಾನದ ಮುಂದೆ ಓಡಿ ತಪ್ಪಿಸಿಕೊಳ್ಳೋದು ಕಷ್ಟ. ಆದರೆ ಇನ್ನೊಂದು ದಾರಿ ಇತ್ತು. ಗುಂಡು ತಗುಲಿದ ಮೇಲೆ ವಿಮಾನ ಬಿಟ್ಟು ಪ್ಯಾರಾಶೂಟ್‌ನಲ್ಲಿ ಇಳಿದು ಸೆರೆಯಾಗಬಹುದಿತ್ತು. ಅದು ಯಾವ ಸೈನಿಕನಿಗೂ ಅವಮಾನ ಅಲ್ಲ. ಅವರು ತಿರುಗಿ ನಿಲ್ಲೋದನ್ನು ಆರಿಸಿಕೊಂಡರು.

ಇದರಿಂದ ಏನಾಯ್ತು ಅಂತ ಯೋಚನೆ ಮಾಡಿ. ಮುಂದೆ ಇಂಧನದ ಲೆಕ್ಕ ಹಾಕುತ್ತಾ, ಹಿಂದೆ ತಿರುಗಿ ನೋಡೋಕೂ ಪುರುಸೊತ್ತಿಲ್ಲದೆ ಮನೆ ಕಡೆ ಹಾರುತ್ತಿದ್ದ ಉಳಿದ ಮಿಸ್ಟೇರ್‌ಗಳ ಬೆನ್ನಿಗೆ ಆ ಸ್ಟಾರ್‌ಫೈಟರ್ ಬೀಳಲಿಲ್ಲ. ಅವರು ತಮ್ಮ ಗೆಳೆಯರನ್ನು ಉಳಿಸೋಕೇ ತಿರುಗಿದರು ಅಂತ ನಾನು ಹೇಳಲಾರೆ, ಮನಸ್ಸಿನೊಳಗಿನದು ಅವರ ಜತೆಗೇ ಹೋಯಿತು. ಆದರೆ ಉಳಿದವರು ಮನೆ ಸೇರಿದರು.

ನಮ್ಮವರಿಗೆ ಯಾಕೆ ಗೊತ್ತಾಗಲಿಲ್ಲ? ಜತೆಗೆ ಅಷ್ಟು ಜನ ಇದ್ದರಲ್ಲ?

ಕೊನೆಗೆ ಬಂದು ಸೇರಿಕೊಂಡವರು ಅವರು. ವಾಪಸ್ ಬರುವಾಗ ಒಂಟಿಯಾಗಿದ್ದರು. ಎಲ್ಲರೂ ತಗ್ಗಿನಲ್ಲಿ, ಜೋರಾಗಿ, ಚದುರಿಕೊಂಡು ಹಾರುತ್ತಿದ್ದರು, ರೇಡಿಯೋ ಮೌನ ಇತ್ತು. ಆದಂಪುರದಲ್ಲಿ ಎಣಿಸಿದಾಗ ಒಂದು ವಿಮಾನ ಕಡಿಮೆ. ಅಷ್ಟೇ ಗೊತ್ತಾಗಿದ್ದು. ಶತ್ರು ನೆಲೆಯ ಮೇಲೆ ವಿಮಾನವಿರೋಧಿ ಗನ್‌ಗೆ ಸಿಕ್ಕಿರಬಹುದು, ಇಂಧನ ಮುಗಿದಿರಬಹುದು, ಏನೂ ಆಗಿರಬಹುದು. ಕಾಣೆಯಾಗಿದ್ದಾರೆ ಅಂತ ಬರೆದುಕೊಂಡರು. ಆಮೇಲೆ ಸತ್ತಿದ್ದಾರೆಂದು ಭಾವಿಸಲಾಯಿತು.

ಕಾಣೆಯಾಗಿದ್ದಾರೆ ಎಂಬ ಮಾತು ಒಂದು ಮನೆಯೊಳಗೆ ಏನು ಮಾಡುತ್ತದೆ ಅಂತ ಯೋಚಿಸಿ. ಸತ್ತರು ಅಂದ್ರೆ ಅಳಬಹುದು, ಎರಡು ಗುಂಡು ಹಾರಿಸಿ ಊರಿಗೆ ಹೇಳಬಹುದು. ಕಾಣೆ ಅಂದ್ರೆ? ಗೇಟಿನ ಸದ್ದಾದಾಗಲೆಲ್ಲ ತಲೆ ಎತ್ತಿ ನೋಡಬೇಕು. ಯುದ್ಧ ಸೆಪ್ಟೆಂಬರ್ 23ಕ್ಕೆ ನಿಂತಿತು, ಮುಂದಿನ ವರ್ಷ ಸೆರೆಯಾದವರು ಬಿಡುಗಡೆಯಾಗಿ ಬಂದರು. ಬಂದವರಲ್ಲಿ ದೇವಯ್ಯ ಇರಲಿಲ್ಲ.

ಹಾಗಾದರೆ ಕೊನೆಗೆ ಗೊತ್ತಾಗಿದ್ದು ಹೇಗೆ?

ಎದುರು ಪಕ್ಷದಿಂದ. 1979ರಲ್ಲಿ ಬ್ರಿಟನ್ನಿನ ಲೇಖಕರೊಬ್ಬರು 1965ರ ಆಕಾಶ ಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದು ಬರೆದದ್ದು. ಅದರಲ್ಲಿ ಸೆಪ್ಟೆಂಬರ್ 7ರ ಬೆಳಿಗ್ಗೆ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಜತೆಗಿನ ಕಾಳಗದಲ್ಲಿ ಹೋದ ಕಥೆ ಇತ್ತು. ಆ ದಿನ, ಆ ಹೊತ್ತಿನಲ್ಲಿ, ಆ ಜಾಗದಲ್ಲಿ ವಾಪಸ್ ಬರದ ಮಿಸ್ಟೇರ್ ಒಂದೇ. ಲೆಕ್ಕ ಕೂಡಿತು.

ಅಮ್ಜದ್ ಹುಸೇನ್ ಬದುಕಿರದಿದ್ದರೆ ಈ ಕಥೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಇದನ್ನು ಓದಿದಾಗೆಲ್ಲ ನಾನು ಒಂದು ಕ್ಷಣ ನಿಂತುಬಿಡುತ್ತೇನೆ. ಆ ಕಾಳಗಕ್ಕೆ ಇದ್ದ ಸಾಕ್ಷಿ ಒಬ್ಬರೇ, ಅವರೇ ಸೋತವರು.

ಅಲ್ಲಿಂದ ಮುಂದೆಯೂ ತಾನಾಗಿಯೇ ಏನೂ ಆಗಲಿಲ್ಲ. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರು ತಮ್ಮ ಪೈಲಟ್‌ಗೆ ಸಲ್ಲಬೇಕಾದ್ದು ಸಲ್ಲಬೇಕು ಅಂತ ವಾಯುಪಡೆಗೆ ಒತ್ತಾಯ ಮಾಡಿದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು. ದೇವಯ್ಯನವರ ಪತ್ನಿ ಅದನ್ನು ಸ್ವೀಕರಿಸಿದರು. ಅಪ್ಪ ಹೋದಾಗ ಚಿಕ್ಕವರಾಗಿದ್ದ ಮಕ್ಕಳು ಅಷ್ಟೊತ್ತಿಗೆ ದೊಡ್ಡವರಾಗಿಬಿಟ್ಟಿದ್ದರು.

ಮಹಾವೀರ ಚಕ್ರ ಎಷ್ಟು ದೊಡ್ಡ ಪ್ರಶಸ್ತಿ? ಪರಮವೀರ ಚಕ್ರ ಯಾಕೆ ಕೊಡಲಿಲ್ಲ?

ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರ ಮೊದಲು, ಮಹಾವೀರ ಚಕ್ರ ಎರಡನೇದು, ವೀರ ಚಕ್ರ ಮೂರನೇದು. ಮೂರನ್ನೂ 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಲೆಕ್ಕಕ್ಕೆ ತಗೊಂಡರು. ಮಹಾವೀರ ಚಕ್ರ ಬೆಳ್ಳಿಯದ್ದು, ದುಂಡಗಿರುತ್ತದೆ, ಮೇಲೆ ಐದು ಮೂಲೆಯ ನಕ್ಷತ್ರ. ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ವಾಯುಪಡೆಯಲ್ಲಿ ಇದನ್ನು ಮರಣೋತ್ತರವಾಗಿ ಪಡೆದ ಒಬ್ಬರೇ ಒಬ್ಬರು ದೇವಯ್ಯ.

ಪರಮವೀರ ಚಕ್ರ ವಾಯುಪಡೆಗೆ ಈವರೆಗೆ ಬಂದಿರೋದು ಒಂದೇ, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಕಾದಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಅವರಿಗೆ. ದೇವಯ್ಯನವರಿಗೂ ಅದೇ ಸಿಗಬೇಕಿತ್ತು ಅಂತ ಹೇಳುವವರು ನಮ್ಮ ಕಡೆ ಇದ್ದಾರೆ. ನಾನು ಆ ವಾದಕ್ಕೆ ಹೋಗೋದಿಲ್ಲ. ನನ್ನ ಬೇಸರ ಯಾವ ಪದಕ ಅನ್ನೋದರ ಬಗ್ಗೆ ಅಲ್ಲ, 23 ವರ್ಷದ ಬಗ್ಗೆ.

ಅವರ ದೇಹ ಸಿಕ್ಕಿತಾ?

ಭಾರತಕ್ಕೆ ಬರಲಿಲ್ಲ. ಪಾಕಿಸ್ತಾನದ ಹಳ್ಳಿಯವರಿಗೆ ಹೊಲದಲ್ಲಿ ದೇಹ ಸಿಕ್ಕಿತ್ತು, ಹೆಚ್ಚು ಛಿದ್ರವಾಗಿರಲಿಲ್ಲ, ಅವರೇ ಅಲ್ಲಿ ಮಣ್ಣು ಮಾಡಿದರು ಅಂತ ಆಮೇಲೆ ತಿಳಿದುಬಂತು. ಶತ್ರು ದೇಶದ ಪೈಲಟ್, ಆಗಷ್ಟೇ ತಮ್ಮ ನೆಲದ ಮೇಲೆ ದಾಳಿ ಮಾಡಿ ಬಂದವರು. ಆದರೂ ಮಣ್ಣು ಮಾಡಿದರು. ಆ ಹಳ್ಳಿಯವರಿಗೆ ನಾವು ಋಣಿಗಳು, ಇದನ್ನು ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ.

ಅಮ್ಜದ್ ಹುಸೇನ್ ಆಮೇಲೆ ಏನಾದರು?

ಅವರಿಗೂ ಅವರ ದೇಶ ಸಿತಾರಾ-ಎ-ಜುರಾತ್ ಎಂಬ ಶೌರ್ಯ ಪದಕ ಕೊಟ್ಟಿತು. 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹಾರಿಸಿಕೊಂಡು ಬಂದರು, ಅಮೃತಸರದ ಹತ್ತಿರ ನಮ್ಮ ವಿಮಾನವಿರೋಧಿ ಗನ್‌ಗಳಿಗೆ ಸಿಕ್ಕಿ, ಮತ್ತೆ ಇಜೆಕ್ಟ್ ಆಗಿ, ಸೆರೆಯಾದರು. ಆಗ ಅವರು ನಮ್ಮ ಕೈಯಲ್ಲೇ ಇದ್ದರು, ಆದರೆ ಆರು ವರ್ಷದ ಹಿಂದೆ ಅವರನ್ನು ಉರುಳಿಸಿದವರು ಯಾರು ಅಂತ ನಮ್ಮ ದೇಶಕ್ಕೆ ಇನ್ನೂ ಗೊತ್ತಿರಲಿಲ್ಲ.

ಪಾಕಿಸ್ತಾನದಲ್ಲಿ ಸೆರೆಯಾಗಿದ್ದ ಕೊಡಗಿನ ಪೈಲಟ್ ಇವರೇನಾ?

ಅಲ್ಲ, ಅದು ಬೇರೆಯವರು. ಇಬ್ಬರನ್ನೂ ಜನ ಕಲಸಿಬಿಡುತ್ತಾರೆ. ಸೆರೆಯಾದವರು ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಅವರು ಹಂಟರ್ ವಿಮಾನ ಹಾರಿಸುತ್ತಿದ್ದರು, ಯುದ್ಧ ಇನ್ನೇನು ಮುಗಿಯುತ್ತದೆ ಅನ್ನುವಾಗ ಸೆಪ್ಟೆಂಬರ್ 22ರಂದು ಅವರ ವಿಮಾನ ಬಿತ್ತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು, ಹಾಗಾಗಿ ಮಗನನ್ನು ಬಿಡುತ್ತೇನೆ ಅಂತ ಹೇಳಿಕಳಿಸಿದರು. ಸೆರೆಯಾದ ಸೈನಿಕರೆಲ್ಲ ನನ್ನ ಮಕ್ಕಳೇ, ಇವನಿಗೆ ಮಾತ್ರ ಬೇರೆ ಉಪಚಾರ ಬೇಡ ಅನ್ನುವ ಅರ್ಥದ ಉತ್ತರ ಹೋಯಿತು. ಮಗ ಉಳಿದವರ ಜತೆಗೇ ವಾಪಸ್ ಬಂದರು, ಮುಂದೆ ಏರ್ ಮಾರ್ಷಲ್ ಆದರು.

ಒಂದೇ ತಿಂಗಳಲ್ಲಿ, ಒಂದೇ ಪುಟ್ಟ ಜಿಲ್ಲೆಯ ಇಬ್ಬರು.

ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜಾನಾ?

2025ರಲ್ಲಿ ಬಂದ ಹಿಂದಿ ಚಿತ್ರ ಈ ಘಟನೆಯಿಂದಲೇ ಹುಟ್ಟಿದ್ದು. ಆದರೆ ಅದರಲ್ಲಿ ಪಾತ್ರಗಳ ಹೆಸರು ಬೇರೆ, ಪರದೆಗೆ ಬೇಕು ಅಂತ ಸೇರಿಸಿದ್ದೂ ಇದೆ. ಅದನ್ನು ನೋಡಿ ಈ ಕಥೆ ಹುಡುಕಿಕೊಂಡು ಬಂದಿದ್ದರೆ ಒಳ್ಳೆಯದೇ. ನಿಜವಾದ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ ಅನ್ನೋದು ನೆನಪಿದ್ದರೆ ಸಾಕು.

ಅವರ ನೆನಪಿಗೆ ಎಲ್ಲಿಗೆ ಹೋಗಬಹುದು?

ಮಡಿಕೇರಿ ಪೇಟೆಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ಹಾಗೇ ಮುಂದೆ ಹೋದರೆ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಅದನ್ನೂ ನೋಡಿಕೊಂಡು ಬನ್ನಿ. ರಾಜಾಸೀಟು, ಅಬ್ಬಿ ಜಲಪಾತ ಅಂತ ಓಡಾಡುವ ನಡುವೆ ಅರ್ಧ ದಿನ ಇದಕ್ಕೂ ಇಟ್ಟುಕೊಳ್ಳಿ.

ದೆಹಲಿಗೆ ಹೋದರೆ ಇಂಡಿಯಾ ಗೇಟ್ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳನ್ನು ಅಲ್ಲಿ ಕಲ್ಲಿನ ಗೋಡೆಗಳಲ್ಲಿ ಕೆತ್ತಿದ್ದಾರೆ. ಹಾಗೆಯೇ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂ. ಅಲ್ಲಿ ಒಂದು ಮಿಸ್ಟೇರ್ ನಿಲ್ಲಿಸಿದ್ದಾರೆ. ಪಕ್ಕದಲ್ಲಿರುವ ದೊಡ್ಡ ವಿಮಾನಗಳ ಮುಂದೆ ಅದು ಸಣ್ಣದಾಗಿ ಕಾಣುತ್ತದೆ, ಹೆಚ್ಚಿನವರು ಹಾಗೇ ದಾಟಿಕೊಂಡು ಹೋಗುತ್ತಾರೆ. ನೀವು ನಿಂತು ಅದರ ಮೂಗಿನ ಕೆಳಗೆ ಬಗ್ಗಿ ನೋಡಿ. ಎರಡು ಗನ್‌ಗಳ ಜಾಗ ಅಲ್ಲೇ. ಆಮೇಲೆ ಕಾಕ್‌ಪಿಟ್ ಕಡೆ ನೋಡಿ. ಒಬ್ಬರು ಕೂರುವಷ್ಟೇ ಜಾಗ ಇದೆ.